ಒಂದು ಕೈಗಡಿಯಾರ, 28 ದಿನ

ನಮ್ಮ ಸೋದರಮಾವ ಕಾಲಾಳು ಪಲ್ಟನ್ನಿನಲ್ಲಿ 22 ವರ್ಷ ಇದ್ದು ಹವಾಲ್ದಾರರಾಗಿ ನಿವೃತ್ತರಾದವರು. ಹಾವೇರಿ ಕಡೆಯ ಆ ಸಣ್ಣ ಊರಿನಲ್ಲಿ ಅವರ ಹೆಸರು ಹೇಳಿ ಮನೆ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿಲಿಟರಿ ಮಾವನ ಮನೆ ಎಂದರೆ ಹುಡುಗರು ಬಾಗಿಲ ತನಕ ತಂದು ಬಿಡುತ್ತಾರೆ. 2025ರ ದೀಪಾವಳಿಗೆ ಅಲ್ಲಿಗೆ ಹೋಗಿದ್ದೆ. ಪಾಡ್ಯದ ಮರುದಿನ ಸಂಜೆ, ಹೋರಿ ಹಬ್ಬದ ಗದ್ದಲ ಇನ್ನೂ ಕೇಳಿಸುತ್ತಿರುವಾಗ, ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಬಂದ ಸುದ್ದಿಯೊಂದನ್ನು ಅವರಿಗೆ ಓದಿ ಹೇಳಿದೆ.

ಬೆಲ್‌ಫಾಸ್ಟಿನ ನ್ಯಾಯಾಲಯ ಅಂದು ಬ್ರಿಟನ್ನಿನ ಒಬ್ಬ ಮಾಜಿ ಸೈನಿಕನನ್ನು ಖುಲಾಸೆ ಮಾಡಿತ್ತು. ಅವನ ಹೆಸರು ಹೊರಬರಬಾರದೆಂದು ದಾಖಲೆಗಳಲ್ಲಿ ‘ಸೋಲ್ಜರ್ ಎಫ್’ ಎಂದೇ ಕರೆಯುತ್ತಾರೆ. ನ್ಯಾಯಾಲಯದಲ್ಲಿಯೂ ಪರದೆಯ ಹಿಂದೆ ಕೂರಿಸಿದ್ದರು. 1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿ ಪಟ್ಟಣದಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಗೆ ಬಂದಿದ್ದವರ ಮೇಲೆ ಪ್ಯಾರಾಚೂಟ್ ರೆಜಿಮೆಂಟಿನವರು ಗುಂಡು ಹಾರಿಸಿದ್ದರು. ಅಂದೇ 13 ಜನ ಸತ್ತರು. ಅದರಲ್ಲಿ ಇಬ್ಬರ ಕೊಲೆ, ಐವರ ಕೊಲೆಯತ್ನ ಇವನ ಮೇಲಿದ್ದ ಆರೋಪ. ಆ ಸೈನಿಕರು ಶಿಸ್ತನ್ನೇ ಕಳೆದುಕೊಂಡಿದ್ದರು, ಓಡುತ್ತಿದ್ದ ನಿರಾಯುಧರ ಬೆನ್ನಿಗೆ ಗುಂಡಿಟ್ಟಿದ್ದರು ಎಂದು ನ್ಯಾಯಾಧೀಶರೇ ಹೇಳಿದರು. ಆದರೆ ಈ ಒಬ್ಬನನ್ನು ಅಪರಾಧಿ ಎನ್ನಲು ಬೇಕಾದ ಸಾಕ್ಷ್ಯ ಇಲ್ಲ ಎಂದರು. ನಡುವೆ 53 ವರ್ಷ ಕಳೆದಿತ್ತು.

ಮಾವ ಸುದ್ದಿಯನ್ನು ಪೂರ್ತಿ ಕೇಳಿಸಿಕೊಂಡು, "ಎಪ್ಪತ್ತು ದಾಟಿದ ಮನುಷ್ಯನನ್ನು ಎಳೆದಾಡಿ ಕೊನೆಗೆ ಏನು ಸಾಧಿಸಿದರು?" ಎಂದರು. ಆಮೇಲೆ ನಾನು ನಿರೀಕ್ಷಿಸಿದ್ದ ಮಾತೂ ಬಂತು: "ಗುಂಡು ಹಾರುವ ಜಾಗದಲ್ಲಿ ನಿಂತವನಿಗೆ ಮಾತ್ರ ಗೊತ್ತು. ಫ್ಯಾನಿನ ಕೆಳಗೆ ಕೂತು ಬರೆಯುವವರಿಗೆ ಏನು ಗೊತ್ತಿರುತ್ತದೆ?"

ಕಾಲೇಜಿನ ಎನ್‌ಸಿಸಿಯಲ್ಲಿ ಎರಡು ವರ್ಷ ಉಪ್ಪಿಟ್ಟಿನ ಆಸೆಗೆ ಪರೇಡ್ ಮಾಡಿದ್ದು ಬಿಟ್ಟರೆ ನನಗೂ ಬಂದೂಕಿಗೂ ಸಂಬಂಧವಿಲ್ಲ. ಹಾಗಾಗಿ ಆ ಸಂಜೆ ಬಾಯಿ ಮುಚ್ಚಿಕೊಂಡೆ. ಆದರೆ ಮಾತು ತಲೆಯಲ್ಲಿ ಉಳಿಯಿತು. ಸೈನಿಕರ ಮೇಲೆ ಮೊಕದ್ದಮೆ ಹೂಡುವುದು ಸರಿಯೇ ಎಂಬ ಪ್ರಶ್ನೆ ಎಲ್ಲಿ ಎದ್ದರೂ, ಲಂಡನ್ನಿನಲ್ಲಿ, ವಾಷಿಂಗ್ಟನ್ನಿನಲ್ಲಿ, ನಮ್ಮ ಟಿವಿ ಚರ್ಚೆಗಳಲ್ಲಿ, ಕೊನೆಗೆ ಬಂದು ನಿಲ್ಲುವುದು ಇದೇ ಮಾತಿಗೆ. ಸೈನಿಕ ಒಂದು ಕಡೆ, ತೀರ್ಪು ಕೊಡುವವನು ಇನ್ನೊಂದು ಕಡೆ. ಒಬ್ಬ ಕೆಸರಿನಲ್ಲಿ ನಿಂತವನು, ಇನ್ನೊಬ್ಬ ಕೆಸರು ಕಾಣದವನು. ಹಾಗೆಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ನಾನು ಓದಿ ತಿಳಿದ ಮಟ್ಟಿಗೆ, ಈ ಬಗೆಯ ಮೊಕದ್ದಮೆಗಳಲ್ಲೆಲ್ಲ ಹೆಚ್ಚು ಹೆಸರಾದ, ವಿಯೆಟ್ನಾಮ್ ಯುದ್ಧದ ಕಾಲದ ಮೈ ಲಾಯ್ ಹತ್ಯಾಕಾಂಡದ ಪ್ರಕರಣದಲ್ಲಿ ನಡೆದದ್ದು ಇದಕ್ಕೆ ತಿರುಗುಮುರುಗು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಮೆಕ್ಕೆಜೋಳದ ರಾಶಿ ಇತ್ತು. ಇಬ್ಬರೂ ತೆನೆ ಸುಲಿಯುತ್ತಾ ಕೂತೆವು. ನಾನು ಆ ಕತೆ ತೆಗೆದೆ.

ವಿಯೆಟ್ನಾಮಿನಲ್ಲಿದ್ದ ಅಮೆರಿಕ ಸೇನೆಯ ಚಾರ್ಲಿ ಕಂಪನಿ ಎಂಬ ತುಕಡಿಯ ಹುಡುಗರು ಅಲ್ಲಿಗೆ ಬಂದು ಮೂರೇ ತಿಂಗಳಾಗಿತ್ತು. ಎದುರಿಗೆ ಶತ್ರು ಕಂಡದ್ದು ಅಪರೂಪ. ಹುಗಿದಿಟ್ಟ ಸಿಡಿಗುಂಡುಗಳು ಮಾತ್ರ ಒಬ್ಬೊಬ್ಬರನ್ನೇ ತೆಗೆದುಕೊಳ್ಳುತ್ತಿದ್ದವು. 1968ರ ಮಾರ್ಚ್ 14ರಂದು ಒಬ್ಬ ಸಾರ್ಜೆಂಟ್ ಹೀಗೆಯೇ ಸತ್ತ. ಮರುದಿನ ಅವನ ಶ್ರದ್ಧಾಂಜಲಿ ಸಭೆಯ ಹಿಂದೆಯೇ ಕ್ಯಾಪ್ಟನ್ ಅರ್ನೆಸ್ಟ್ ಮೆಡಿನಾ ಕಂಪನಿಗೆ ನಾಳೆಯ ಕೆಲಸ ವಿವರಿಸಿದ: ಕ್ವಾಂಗ್ ನಾಯ್ ಪ್ರಾಂತ್ಯದ ಸೋನ್ ಮಿ ಗ್ರಾಮದಲ್ಲಿ (ಮೈ ಲಾಯ್ ಇದರದೇ ಒಂದು ಭಾಗ) ಶತ್ರುಪಕ್ಷದ ಗೆರಿಲ್ಲಾ ಪಡೆಯಾದ ವಿಯೆಟ್‌ಕಾಂಗ್‌ನ 48ನೇ ಬೆಟಾಲಿಯನ್ ಅಡಗಿದೆ, ಬೆಳಿಗ್ಗೆ ಏಳರ ಹೊತ್ತಿಗೆ ಸಾಮಾನ್ಯ ಜನ ಸಂತೆಗೆ ಹೋಗಿರುತ್ತಾರೆ, ಉಳಿದವರೆಲ್ಲ ಶತ್ರುಗಳು. ಇಷ್ಟು ಕೇಳಿ ಮಾವ ತಲೆಯಾಡಿಸಿದರು. ಕಾಲಿಟ್ಟಲ್ಲೆಲ್ಲ ನೆಲವನ್ನೇ ಅನುಮಾನಿಸುವ ಅನುಭವ ಅವರಿಗೂ ಇದೆ.

ಮಾರ್ಚ್ 16ರ ಬೆಳಿಗ್ಗೆ ಹೆಲಿಕಾಪ್ಟರುಗಳು ಇಳಿದಾಗ ಊರಿನಿಂದ ಒಂದು ಗುಂಡೂ ಬರಲಿಲ್ಲ. ಇದ್ದವರು ಹೆಂಗಸರು, ಮಕ್ಕಳು, ಮುದುಕರು. ಅವರನ್ನು ಗುಂಪು ಮಾಡಿ, ನೀರಾವರಿ ಕಾಲುವೆಯೊಳಗೆ ತಳ್ಳಿ, ಗುಂಡಿಟ್ಟು ಕೊಂದರು. ಅಲ್ಲಿನ ಸ್ಮಾರಕದ ಕಲ್ಲಿನಲ್ಲಿ 504 ಹೆಸರುಗಳಿವೆ. ಅಮೆರಿಕ ಸೇನೆಯ ಲೆಕ್ಕ 347. ಸೇನೆ ಆಗ ಪತ್ರಿಕೆಗಳಿಗೆ ಕೊಟ್ಟ ವರದಿಯ ಪ್ರಕಾರ ಅದೊಂದು ಭರ್ಜರಿ ಗೆಲುವು: ಸತ್ತ ಶತ್ರುಗಳು 128, ವಶಪಡಿಸಿಕೊಂಡ ಆಯುಧ ಮೂರು.

ಮಾವನ ಕೈ ತೆನೆಯ ಮೇಲೆಯೇ ನಿಂತಿತು. "128 ಹೆಣ, ಮೂರು ಬಂದೂಕು. ಉಳಿದ 125 ಜನ ಏನು ಹಿಡಿದುಕೊಂಡು ಹೋರಾಡಿದರಂತೆ?"

ಸೇನಾ ಕಚೇರಿಗಳಲ್ಲಿ ಅಷ್ಟೊಂದು ಮೇಲಧಿಕಾರಿಗಳ ಕಣ್ಣೆದುರು ಹಾದುಹೋದ ಕಾಗದವದು. ಊರಿನ ಒಬ್ಬ ಹವಾಲ್ದಾರರು ಅರೆ ನಿಮಿಷದಲ್ಲಿ ಕೇಳಿದ ಪ್ರಶ್ನೆಯನ್ನು ಅಲ್ಲಿ ಯಾರೂ ಒತ್ತಿ ಕೇಳಲಿಲ್ಲ. ಅಥವಾ ಕೇಳದಿರುವುದೇ ಕ್ಷೇಮ ಎಂದುಕೊಂಡರು.

ಆ ದಿನ ಆಕಾಶದಲ್ಲಿ ಒಂದು ಪುಟ್ಟ ಹೆಲಿಕಾಪ್ಟರ್ ಸುತ್ತುತ್ತಿತ್ತು. ಅದರ ಪೈಲಟ್ 24 ವರ್ಷದ ವಾರಂಟ್ ಆಫೀಸರ್ ಹ್ಯೂ ಥಾಂಪ್ಸನ್, ಜೊತೆಗೆ ಲಾರೆನ್ಸ್ ಕೋಲ್‌ಬರ್ನ್ ಮತ್ತು ಗ್ಲೆನ್ ಆಂಡ್ರಿಯೊಟ್ಟಾ ಎಂಬ ಇಬ್ಬರು ಹುಡುಗರು. ಗಾಯಗೊಂಡು ಬಿದ್ದವರ ಪಕ್ಕದಲ್ಲಿ ಹಸಿರು ಹೊಗೆಯ ಗುರುತು ಹಾಕಿ, ಇವರಿಗೆ ಚಿಕಿತ್ಸೆ ಬೇಕು ಎಂದು ಸೂಚಿಸಿ ಹೋಗುವರು; ತಿರುಗಿ ಬಂದು ನೋಡಿದರೆ ಅವರೇ ಹೆಣವಾಗಿರುವರು. ಕೊನೆಗೆ ಕೆಲವು ಹಳ್ಳಿಗರು ಬಂಕರಿನಲ್ಲಿ ಅವಿತಿದ್ದು, ಅವರ ಕಡೆಗೆ ತನ್ನ ದೇಶದವರೇ ನಡೆಯುತ್ತಿರುವುದನ್ನು ಥಾಂಪ್ಸನ್ ಕಂಡ. ಹೆಲಿಕಾಪ್ಟರನ್ನು ಆ ಎರಡು ಗುಂಪುಗಳ ನಡುವೆ ಇಳಿಸಿದ. ‘ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ’ ಎಂಬ ಅರ್ಥದ ಆದೇಶವನ್ನು ತನ್ನ ಹುಡುಗರಿಗೆ ಕೊಟ್ಟು, ತಾನು ಬಂಕರಿನತ್ತ ನಡೆದ. ಬೇರೆ ಹೆಲಿಕಾಪ್ಟರುಗಳನ್ನು ಕರೆಸಿ ಆ ಜನರನ್ನು ಸಾಗಿಸಿದ. ಆಮೇಲೆ ಕಾಲುವೆಯಲ್ಲಿ ಹೆಣಗಳ ನಡುವೆ ಇನ್ನೂ ಏನೋ ಅಲುಗುತ್ತಿರುವುದು ಕಂಡು ಆಂಡ್ರಿಯೊಟ್ಟಾ ಇಳಿದು ಒಂದು ಮಗುವನ್ನು ಎತ್ತಿಕೊಂಡು ಬಂದ. ನೆಲೆಗೆ ಮರಳಿದ ಥಾಂಪ್ಸನ್ ಕೂಗಾಡಿ ವರದಿ ಮಾಡಿದ ಮೇಲೆಯೇ ಕೊಲ್ಲುವುದನ್ನು ನಿಲ್ಲಿಸಿ ಎಂಬ ಆದೇಶ ಹೋದದ್ದು.

ಗುಂಡು ಹಾರುವ ಜಾಗದಲ್ಲಿ ನಿಂತವನು ಎಂದರೆ ಇವನೇ ಅಲ್ಲವೆ? ಕೆಳಗೆ ಕಂಪನಿಯೊಳಗೂ ಇಂಥವರಿದ್ದರು. ರಾಬರ್ಟ್ ಮೇಪಲ್ಸ್ ಎಂಬ ಮಷೀನ್‌ಗನ್ ಹುಡುಗ, ಕಾಲುವೆಯಲ್ಲಿದ್ದವರ ಮೇಲೆ ಹಾರಿಸು ಎಂದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಹೇಳಿದಾಗ, ಆಗುವುದಿಲ್ಲ ಎಂದ. ಅದೇ ಹಸಿವು, ಅದೇ ಭಯ, ಸತ್ತ ಅದೇ ಸಾರ್ಜೆಂಟಿನ ದುಃಖ ಅವನಿಗೂ ಇತ್ತು. ‘ಆ ಪರಿಸ್ಥಿತಿಯಲ್ಲಿ ಯಾರಾದರೂ ಹಾಗೆಯೇ ಮಾಡುತ್ತಿದ್ದರು’ ಎಂದು ನಾವು ಹೊರಗಿನಿಂದ ಕರುಣೆ ತೋರಿಸುವಾಗ, ಹಾಗೆ ಮಾಡದೆ ನಿಂತವರ ಲೆಕ್ಕವನ್ನು ಅಳಿಸಿಹಾಕುತ್ತಿರುತ್ತೇವೆ.

ಪ್ರಕರಣ ಒಂದೂವರೆ ವರ್ಷ ಮುಚ್ಚಿಯೇ ಇತ್ತು. ಅದನ್ನು ತೆರೆದವನೂ ಸೈನಿಕನೇ. ಅದೇ ಪ್ರದೇಶದಲ್ಲಿ ಸೇವೆ ಮಾಡಿ, ಗೆಳೆಯರ ಬಾಯಿಂದ ಸಂಗತಿ ಕೇಳಿ ತಿಳಿದಿದ್ದ ರಾನ್ ರೈಡನ್‌ಹವರ್ ಎಂಬಾತ ಸೇನೆಯಿಂದ ಹೊರಬಂದ ಮೇಲೆ 1969ರ ಮಾರ್ಚ್ 29ರ ತಾರೀಖು ಹಾಕಿ ಅಧ್ಯಕ್ಷರಿಗೆ, ಪೆಂಟಗನ್ನಿಗೆ, ಸಂಸದರಿಗೆ ಸುಮಾರು 30 ಪತ್ರಗಳನ್ನು ಕಳಿಸಿದ. ನವೆಂಬರಿನಲ್ಲಿ ಪತ್ರಕರ್ತ ಸೆಯ್ಮೋರ್ ಹರ್ಷ್ ವರದಿ ಬಂತು. ಹಿಂದೆಯೇ ಸೇನೆಯ ಛಾಯಾಗ್ರಾಹಕ ರಾನ್ ಹೇಬರ್ಲಿ ತನ್ನ ಸ್ವಂತ ಕ್ಯಾಮೆರಾದಲ್ಲಿ ತೆಗೆದಿದ್ದ ಬಣ್ಣದ ಚಿತ್ರಗಳು ಹೊರಬಂದವು. ಒಳಗಿನ ತನಿಖೆ ನಡೆಸಿದ ವಿಲಿಯಂ ಪಿಯರ್ಸ್, ವಿಯೆಟ್ನಾಮಿನಲ್ಲಿ ಡಿವಿಷನ್ ನಡೆಸಿ ಬಂದ ಜನರಲ್. ಕ್ಯಾಲಿಯ ಕೋರ್ಟ್ ಮಾರ್ಷಲ್‌ನಲ್ಲಿ, ಅಂದರೆ ಸೇನೆಯದೇ ನ್ಯಾಯಾಲಯದಲ್ಲಿ, ಅಭಿಯೋಜಕನಾಗಿದ್ದ ಆಬ್ರಿ ಡೇನಿಯಲ್ ಸೇನೆಯ ಕ್ಯಾಪ್ಟನ್. ತೀರ್ಪು ಕೊಟ್ಟ ಆರು ಜನರೂ ಅಧಿಕಾರಿಗಳು, ಅವರಲ್ಲಿ ಐವರು ವಿಯೆಟ್ನಾಮ್ ಕಂಡವರು. 13 ದಿನ ಕೂತು ಚರ್ಚಿಸಿ, 1971ರ ಮಾರ್ಚ್ 29ರಂದು, ರೈಡನ್‌ಹವರ್ ಪತ್ರಕ್ಕೆ ಸರಿಯಾಗಿ ಎರಡು ವರ್ಷವಾದ ದಿನ, ಕನಿಷ್ಠ 22 ಜನರ ಕೊಲೆಗೆ ಕ್ಯಾಲಿ ಅಪರಾಧಿ ಎಂದರು. ಜೀವಾವಧಿ ಶಿಕ್ಷೆ ಆಯಿತು.

ಹಾಗಾದರೆ ಅವನನ್ನು ಕ್ಷಮಿಸಿದವರು ಯಾರು? ಫ್ಯಾನಿನ ಕೆಳಗೆ ಕೂತವರು. ಶ್ವೇತಭವನಕ್ಕೆ ತಂತಿಗಳ ಮಳೆ ಸುರಿಯಿತು, ನೂರಕ್ಕೆ ತೊಂಬತ್ತೊಂಬತ್ತು ಕ್ಯಾಲಿಯ ಪರ. ತೀರ್ಪನ್ನು ಒಪ್ಪದವರು ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 79. ಜಾರ್ಜಿಯಾದ ರಾಜ್ಯಪಾಲರಾಗಿದ್ದ ಜಿಮ್ಮಿ ಕಾರ್ಟರ್, ಮುಂದೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಅದೇ ಕಾರ್ಟರ್, ಹಗಲಿನಲ್ಲಿಯೂ ಹೆಡ್‌ಲೈಟ್ ಹಾಕಿಕೊಂಡು ವಾಹನ ಓಡಿಸಿ ಬೆಂಬಲ ತೋರಿಸಿ ಎಂದು ಜನರಿಗೆ ಕರೆ ಕೊಟ್ಟರು. ಶಿಕ್ಷೆಯಾದ ಮರುದಿನವೇ ಅಧ್ಯಕ್ಷ ನಿಕ್ಸನ್, ಕ್ಯಾಲಿಯನ್ನು ಜೈಲಿನಿಂದ ಬಿಡಿಸಿ ಅವನ ವಸತಿಯಲ್ಲೇ ಇರಿಸಲು ಆದೇಶಿಸಿದರು. ಜೀವಾವಧಿ 20 ವರ್ಷಕ್ಕೆ ಇಳಿಯಿತು, ಆಮೇಲೆ 10ಕ್ಕೆ. 1974ರಲ್ಲಿ ಅವನು ಹೊರಗೆ ಬಂದ. ಒಟ್ಟು ಮೂರೂವರೆ ವರ್ಷದ ಗೃಹಬಂಧನ. ಹೀಗೆ ರಾಜಕಾರಣ ನಡುವೆ ಬಂದದ್ದನ್ನು ಖಂಡಿಸಿ ಅಧ್ಯಕ್ಷರಿಗೇ ನೇರವಾಗಿ ಪತ್ರ ಬರೆದವನು ಕ್ಯಾಪ್ಟನ್ ಡೇನಿಯಲ್.

ಇನ್ನು ಥಾಂಪ್ಸನ್‌ಗೆ ಸಿಕ್ಕಿದ್ದೇನು? ಸಂಸತ್ತಿನ ಸೇನಾ ಸಮಿತಿಯ ಅಧ್ಯಕ್ಷ ಮೆಂಡೆಲ್ ರಿವರ್ಸ್, ಮೈ ಲಾಯ್‌ನಲ್ಲಿ ಶಿಕ್ಷೆಗೆ ಅರ್ಹನಾದವನು ಯಾರಾದರೂ ಇದ್ದರೆ ತನ್ನವರ ಮೇಲೆಯೇ ಬಂದೂಕು ತಿರುಗಿಸಿದ ಈ ಪೈಲಟ್ ಎಂದರು. ಮನೆಗೆ ಕೊಲೆ ಬೆದರಿಕೆಗಳು ಬಂದವು. ಬಾಗಿಲಲ್ಲಿ ಕೊಯ್ದ ಪ್ರಾಣಿಗಳ ಕಳೇಬರ ಎಸೆದು ಹೋದರು. ಸೈನಿಕನ ಮಾನ ಕಾಪಾಡುತ್ತೇವೆ ಎಂದು ಹೊರಟವರು ಮೊದಲು ಬೇಟೆಯಾಡಿದ್ದು ಸೈನಿಕನನ್ನೇ. ಮೊಕದ್ದಮೆ ಸೇನೆಗೆ ಮಾಡುವ ಅವಮಾನ ಎಂಬ ವಾದ ಕೇಳಿದಾಗಲೆಲ್ಲ ನನಗೆ ಆ ಬಾಗಿಲು ಕಣ್ಣೆದುರು ಬರುತ್ತದೆ.

ಮಾವ ಇಷ್ಟೂ ಹೊತ್ತು ಸುಮ್ಮನಿದ್ದವರು ಕೇಳಿದರು: "ಒಟ್ಟು ಎಷ್ಟು ಜನರ ಮೇಲೆ ಕೇಸು?"

"26 ಜನರ ಮೇಲೆ ಆರೋಪ. ಶಿಕ್ಷೆಯಾದದ್ದು ಒಬ್ಬನಿಗೆ."

"ನೋಡಿದೆಯಾ. ಒಬ್ಬ ಲೆಫ್ಟಿನೆಂಟ್. ಮೇಲಿನವರು?"

ಇಲ್ಲಿ ಮಾವ ನನ್ನನ್ನು ಕಟ್ಟಿಹಾಕಿದರು ಎಂದು ಒಪ್ಪಿಕೊಳ್ಳಬೇಕು. ಮೆಡಿನಾ ಬಿಡುಗಡೆಯಾದ. ಬ್ರಿಗೇಡಿನ ಕರ್ನಲ್ ಹೆಂಡರ್ಸನ್ ಬಿಡುಗಡೆಯಾದ. ಡಿವಿಷನ್ನಿನ ಮೇಜರ್ ಜನರಲ್ ಕೋಸ್ಟರ್ ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಲಿಲ್ಲ. ಒಂದು ದರ್ಜೆ ಇಳಿಸಿ ಪದಕ ಹಿಂಪಡೆದರು, ಮುಗಿಯಿತು. ಅದೇ ಅಮೆರಿಕ, 1946ರಲ್ಲಿ ಜಪಾನಿನ ಜನರಲ್ ಯಾಮಾಶಿಟಾನನ್ನು ಫಿಲಿಪ್ಪೀನ್ಸಿನಲ್ಲಿ ಅವನ ಪಡೆಗಳು ಮಾಡಿದ ಕ್ರೌರ್ಯಗಳಿಗಾಗಿ ಗಲ್ಲಿಗೇರಿಸಿತ್ತು. ತನ್ನ ಪಡೆಯನ್ನು ಹದ್ದಿನಲ್ಲಿಡಲಿಲ್ಲ ಎಂಬುದೇ ಅಲ್ಲಿ ಅಪರಾಧವಾಗಿತ್ತು. ಮೆಡಿನಾನ ಸರದಿ ಬಂದಾಗ, ಕೊಲೆ ನಡೆಯುತ್ತಿದೆ ಎಂಬುದು ಅವನಿಗೆ ನಿಜವಾಗಿ ಗೊತ್ತಿತ್ತೆಂದು ಸಾಬೀತಾಗಬೇಕು ಎಂದರು. ಕುರುಕ್ಷೇತ್ರದಲ್ಲಿಯೂ ಹೀಗೆಯೇ ಆಗಿತ್ತಲ್ಲ. ಮಲಗಿದ್ದವರನ್ನು ಕೊಂದ ಅಶ್ವತ್ಥಾಮನಿಗೆ ಸಾವಿರಾರು ವರ್ಷ ಅಲೆಯುವ ಶಾಪ. ನಿಯಮ ಮೀರಿ ತೊಡೆಗೆ ಗದೆ ಬೀಸಿದ ಭೀಮನ ಮೇಲೆ ಬಲರಾಮ ನೇಗಿಲು ಎತ್ತಿದರೆ ಕೃಷ್ಣನೇ ತಡೆದ. ಎರಡೂ ತಪ್ಪು ಒಂದೇ ತೂಕದವಲ್ಲ ಎಂಬುದು ನಿಜ. ಆದರೂ ಭೀಮ ಗೆದ್ದವರ ಕಡೆಯವನಾಗಿದ್ದ ಎಂಬುದು ಮರೆಯುವಂಥದ್ದಲ್ಲ.

ಪಾಲ್ ಮೆಡ್ಲೋ ಎಂಬ ಹುಡುಗನ ತಾಯಿ ಹರ್ಷ್ ಬಳಿ ಹೇಳಿದ ಮಾತೊಂದಿದೆ. ಒಳ್ಳೆಯ ಹುಡುಗನನ್ನು ಅವರಿಗೆ ಕಳಿಸಿಕೊಟ್ಟೆ, ಅವರು ಅವನನ್ನು ಕೊಲೆಗಾರನನ್ನಾಗಿ ಮಾಡಿದರು ಎಂದು. ಕ್ಯಾಲಿಯ ಪಕ್ಕದಲ್ಲಿ ನಿಂತು ಗುಂಡು ಹಾರಿಸಿದ್ದ ಆ ಮಗ ಮರುದಿನವೇ ಸಿಡಿಗುಂಡಿಗೆ ಒಂದು ಪಾದ ಕಳೆದುಕೊಂಡ. ಆ ತಾಯಿಯ ದೂರಿನ ವಿಳಾಸ ಲೆಫ್ಟಿನೆಂಟಿನ ಗುಡಾರಕ್ಕೆ ಮುಗಿಯುವುದಿಲ್ಲ. ಆದರೆ ಮೇಲಿನವರು ತಪ್ಪಿಸಿಕೊಂಡರು ಎಂಬುದು ಮೇಲಿನವರನ್ನೂ ಹಿಡಿಯಲು ಕಾರಣವಾಗಬೇಕೇ ಹೊರತು ಕೆಳಗಿನವನನ್ನೂ ಬಿಟ್ಟುಬಿಡಲು ಅಲ್ಲ. ಮಾವನಿಗೆ ಹೀಗೆಂದೆ. ಅವರು ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಸುಲಿದ ತೆನೆಗಳನ್ನು ಬುಟ್ಟಿಗೆ ಹಾಕಿ, ತಾವೇ ಒಂದು ಕತೆ ಹೇಳಿದರು.

ಗಡಿಯಾಚೆಗಿನ ಕತೆಯಲ್ಲ. ಅವರ ಪಲ್ಟನ್ ಒಂದು ಗಡಿ ಜಿಲ್ಲೆಯಲ್ಲಿದ್ದಾಗ ಮನೆ ಮನೆ ಶೋಧ ನಡೆದಿತ್ತು. ಮುಗಿಸಿ ಹೊರಡುವಾಗ ಒಬ್ಬ ಮುದುಕಿ ಹಿಂದೆಯೇ ಓಡಿಬಂದು, ಭಾಷೆ ಬಾರದವರೆದುರು ತನ್ನ ಮಣಿಕಟ್ಟನ್ನು ತಟ್ಟಿ ತಟ್ಟಿ ತೋರಿಸಿದಳಂತೆ. ಸುಬೇದಾರ್ ಸಾಹೇಬರಿಗೆ ಅರ್ಥವಾಯಿತು. ಅಲ್ಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಜೇಬು ನೋಡಿಸಿದರು. ಸೇನೆಗೆ ಸೇರಿ ಎರಡು ವರ್ಷವಾಗಿದ್ದ ಹುಡುಗನೊಬ್ಬನ ಬಳಿ ಹಳೆಯ ಕೈಗಡಿಯಾರ ಸಿಕ್ಕಿತು. "ಮುದುಕಿಗೆ ಅವನ ಕೈಯಿಂದಲೇ ಕೊಡಿಸಿದರು. ಯೂನಿಟ್‌ಗೆ ಬಂದ ಮೇಲೆ ಪಲ್ಟನ್ನಿನ ಮುಖ್ಯಸ್ಥರಾದ ಸಿಓ ಸಾಹೇಬರೆದುರು ನಿಲ್ಲಿಸಿ 28 ದಿನ ಕ್ವಾರ್ಟರ್ ಗಾರ್ಡ್, ಅಂದರೆ ಪಲ್ಟನ್ನಿನ ಲಾಕಪ್ಪು. ದಾಖಲೆಯಲ್ಲಿ ಕೆಂಪು ಶಾಯಿ ಬಿತ್ತು. ಓಡದ ಗಡಿಯಾರಕ್ಕೆ!"

ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇತ್ತು. ನಮ್ಮ ಪಲ್ಟನ್ ಎಂದರೆ ಹಾಗೆ ಎಂಬ ಹೆಮ್ಮೆ. ನಾನು ಮೆಲ್ಲಗೆ ಕೇಳಿದೆ, "ಮಾವ, ಗಡಿಯಾರಕ್ಕೆ 28 ದಿನವಾದರೆ ಮುದುಕಿಗೆ?"

ಅದಕ್ಕೆ ಉತ್ತರವಾಗಿ ಅವರು ಒಂದು ಕಾರ್ಡಿನ ವಿಷಯ ಹೇಳಿದರು. ಅಂಥ ಜಿಲ್ಲೆಗಳಲ್ಲಿ ಸೈನಿಕ ಏನು ಮಾಡಬೇಕು, ಏನು ಮಾಡಬಾರದು ಎಂಬ ಪಟ್ಟಿ ಅವರ ಜೇಬಿನಲ್ಲಿ ಇರುತ್ತಿತ್ತಂತೆ. ಈ ಪಟ್ಟಿ ಬರಿಯ ಬುದ್ಧಿಮಾತಲ್ಲ, ಪಾಲಿಸಲೇಬೇಕಾದದ್ದು ಎಂದು 1997ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇಂಥ ಕಾರ್ಡುಗಳನ್ನು ವಿಯೆಟ್ನಾಮಿಗೆ ಹೋದ ಅಮೆರಿಕದ ಸೈನಿಕರಿಗೂ ಕೊಟ್ಟಿದ್ದರು. ಕಾರ್ಡು ಎಲ್ಲ ಸೇನೆಗಳಲ್ಲಿಯೂ ಇದೆ. ಕಾರ್ಡು ಮೀರಿದ ಮೇಲೆ ಏನಾಗುತ್ತದೆ ಎಂಬಲ್ಲಿ ನಮ್ಮ ಕತೆ ತಡವರಿಸುತ್ತದೆ.

ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ ಇರುವಲ್ಲಿ, ಅದರ 6ನೇ ಸೆಕ್ಷನ್ ಪ್ರಕಾರ, ಕೇಂದ್ರದ ಪೂರ್ವಾನುಮತಿ ಇಲ್ಲದೆ ಸೈನಿಕನ ಮೇಲೆ ಮೊಕದ್ದಮೆ ನಡೆಯುವಂತಿಲ್ಲ. ಸುಳ್ಳು ದೂರುಗಳಿಂದ ಸೈನಿಕನನ್ನು ಕಾಯುವುದು ಅದರ ಉದ್ದೇಶ. ಆ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ತಮ್ಮ ಮೇಲೆ ಎಫ್‌ಐಆರ್ ದಾಖಲಾದರೆ ಉಗ್ರರೆದುರು ಕೈ ನಡುಗುತ್ತದೆ ಎಂದು 2018ರಲ್ಲಿ 300ಕ್ಕೂ ಹೆಚ್ಚು ಸೈನಿಕರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕೋರ್ಟ್ ಅರ್ಜಿ ವಜಾ ಮಾಡಿತಾದರೂ ಆ ಆತಂಕ ನಾಟಕವಲ್ಲ. ಆದರೆ ಬಾಗಿಲಿಗೆ ಚಿಲಕ ಇರುವುದು ಬೇರೆ, ಬಾಗಿಲನ್ನೇ ಗೋಡೆ ಮಾಡುವುದು ಬೇರೆ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್ ಬಳಿ ಕಲ್ಲಿದ್ದಲು ಗಣಿಯಿಂದ ಮನೆಗೆ ಮರಳುತ್ತಿದ್ದ ಆರು ಕಾರ್ಮಿಕರನ್ನು ಉಗ್ರರೆಂದು ಭಾವಿಸಿ ವಿಶೇಷ ಪಡೆ ಕೊಂದಿತು. ರಾಜ್ಯದ ಪೊಲೀಸರು 30 ಸೈನಿಕರ ಮೇಲೆ ಆರೋಪಪಟ್ಟಿ ಸಲ್ಲಿಸಿದರು. ಕೇಂದ್ರ ಅನುಮತಿ ಕೊಡಲಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಮುಕ್ತಾಯಗೊಳಿಸಿತು, ಮುಂದೆ ಅನುಮತಿ ಸಿಕ್ಕರೆ ಮುಂದುವರಿಸಬಹುದು ಎಂಬ ಒಂದು ಸಾಲಿನೊಂದಿಗೆ. ಅದು ಕ್ಷಣದ ತಪ್ಪು ಅಂದಾಜೋ ಅಪರಾಧವೋ ಎಂಬುದು ವಿಚಾರಣೆಯಲ್ಲಿ ತಿಳಿಯಬೇಕಾಗಿತ್ತು. ವಿಚಾರಣೆಯೇ ಇಲ್ಲದ ಮೇಲೆ ಸತ್ತವರ ಮನೆಯವರಿಗೂ ತಿಳಿಯುವುದಿಲ್ಲ. ಆ 30 ಜನರಲ್ಲಿ ತಪ್ಪು ಮಾಡದವನಿಗೆ ‘ನಾನಲ್ಲ’ ಎಂದು ಹೇಳಿಕೊಳ್ಳುವ ಜಾಗವೂ ಇಲ್ಲ.

ಸೇನೆಗೆ ತನ್ನವರನ್ನು ತಾನೇ ವಿಚಾರಿಸಲು ಬರುವುದಿಲ್ಲ ಎಂದೇನಿಲ್ಲ. 2010ರ ಏಪ್ರಿಲಿನಲ್ಲಿ ಕಾಶ್ಮೀರದ ಮೂವರು ಯುವಕರನ್ನು ಕೆಲಸದ ಆಸೆ ತೋರಿಸಿ ಗಡಿ ನಿಯಂತ್ರಣ ರೇಖೆಯ ಮಾಛಿಲ್‌ಗೆ ಕರೆದೊಯ್ದು ಕೊಂದು, ನುಸುಳಿ ಬಂದ ಉಗ್ರರೆಂದು ತೋರಿಸಿದ್ದರು. ಕೋರ್ಟ್ ಮಾರ್ಷಲ್ ನಡೆಸಿ ಜೀವಾವಧಿ ಶಿಕ್ಷೆ ಕೊಟ್ಟದ್ದು ಸೇನೆಯೇ. 2017ರಲ್ಲಿ ಸೇನಾ ನ್ಯಾಯಮಂಡಳಿ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಸುಬೇದಾರ್ ಸಾಹೇಬರು ಸಾಲಾಗಿ ನಿಲ್ಲಿಸಿ ಜೇಬು ನೋಡಿದಂತೆ ಮಾಡುವವರು ಒಳಗೆ ಇದ್ದಾರೆ. ಅವರ ಕೈ ಮೇಲಾಗಬೇಕಾದರೆ ಹೊರಗಿನವರು, ಅಂದರೆ ನಾವು, ಹೆಡ್‌ಲೈಟ್ ಹಾಕಿಕೊಂಡು ಮೆರವಣಿಗೆ ಹೊರಡಬಾರದು.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಡೆರಿಯೇ ಇದೆ. 1972ರಲ್ಲಿ ಅವಸರದ ವಿಚಾರಣೆಯೊಂದು ನಡೆದು, ಕೆಲವೇ ವಾರಗಳಲ್ಲಿ ಸೈನಿಕರ ಮೇಲಿನ ದೋಷವನ್ನು ಬಹುಮಟ್ಟಿಗೆ ಅಳಿಸಿಹಾಕಿತು. 1998ರಲ್ಲಿ ಮತ್ತೆ ನೇಮಿಸಿದ ಸ್ಯಾವಿಲ್ ಆಯೋಗ ಸತ್ತವರು ನಿರಪರಾಧಿಗಳೆಂದು ಹೇಳಲು 2010 ಆಯಿತು. ಅಷ್ಟು ಹೊತ್ತಿಗೆ ಸಾಕ್ಷಿಗಳಲ್ಲಿ ಕೆಲವರು ಸತ್ತಿದ್ದರು. ಜೊತೆಗಿದ್ದ ಸೈನಿಕರು ಅಂದು ಬರೆದುಕೊಟ್ಟಿದ್ದ ಹೇಳಿಕೆಗಳನ್ನು ಪಾಟೀಸವಾಲಿಗೆ ಒಡ್ಡಲು ಸಾಧ್ಯವಿರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯನನ್ನು ಎಳೆದಾಡಿದರು ಎಂದು ಮಾವ ನೊಂದದ್ದು ನ್ಯಾಯವೇ. ಅವನಿಗೆ ಇಪ್ಪತ್ತರ ಆಸುಪಾಸಿರುವಾಗ ಕೇಳಬೇಕಾದ ಪ್ರಶ್ನೆಯಾಗಿತ್ತು ಅದು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಮತ್ತೆ ಪೈಲಟ್ಟಿನ ವಿಷಯಕ್ಕೆ ಬಂದರು. ಅವನಿಗೆ ಪದಕ ಏನಾದರೂ ಕೊಟ್ಟರೇ?

ಮೊದಲು ಕೊಟ್ಟದ್ದು ಸುಳ್ಳು ಪದಕ ಎಂದೆ. ಎರಡೂ ಕಡೆಯ ಗುಂಡಿನ ಸುರಿಮಳೆಯ ನಡುವೆ ಜನರನ್ನು ರಕ್ಷಿಸಿದ ಎಂದು ಅದರ ಒಕ್ಕಣೆ. ಗುಂಡಿನ ಮಳೆ ಇದ್ದದ್ದು ಒಂದೇ ಕಡೆಯಿಂದ. ಥಾಂಪ್ಸನ್ ಅದನ್ನು ಎಸೆದುಬಿಟ್ಟ. ಸರಿಯಾದದ್ದು ಸಿಕ್ಕಿದ್ದು 30 ವರ್ಷದ ಮೇಲೆ, 1998ರ ಮಾರ್ಚಿನಲ್ಲಿ. ಸೋಲ್ಜರ್ಸ್ ಮೆಡಲ್. ಶತ್ರುವಿನೊಂದಿಗಿನ ಕಾಳಗಕ್ಕೆ ಸಂಬಂಧಿಸದ ಶೌರ್ಯಕ್ಕೆ ಕೊಡುವ ಪದಕವಂತೆ ಅದು.

"ಜೊತೆಗಿದ್ದ ಹುಡುಗರಿಗೆ?"

"ಅವರಿಗೂ ಕೊಟ್ಟರು. ಕಾಲುವೆಗೆ ಇಳಿದಿದ್ದ ಹುಡುಗ ಅದಾಗಿ ಮೂರೇ ವಾರಕ್ಕೆ ಯುದ್ಧದಲ್ಲಿ ಸತ್ತಿದ್ದ. ಅವನಿಗೆ ಮರಣೋತ್ತರ."

ಮಾವ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಅವರ ಮೊಬೈಲ್ ಹೊಡೆದುಕೊಂಡಿತು. ಎಡಗೈಯಲ್ಲಿ ಹಿಡಿದು, ಹಿಂದಿಯಲ್ಲಿ ಜೋರಾಗಿ ನಗುತ್ತಾ, ಮಕ್ಕಳ ಮದುವೆ, ಮಳೆ, ಪಿಂಚಣಿ ಎಲ್ಲ ಮಾತಾಡಿದರು. ಇಟ್ಟ ಮೇಲೆ ಹೇಳಿದರು, "ಅವನೇ. ಗಡಿಯಾರದ ಹುಡುಗ. ಪ್ರತಿ ದೀಪಾವಳಿಗೂ ಫೋನ್ ಮಾಡುತ್ತಾನೆ. ನಾಯಬ್ ಸುಬೇದಾರ್ ಆಗಿ ಹೊರಬಂದ. ನೋಡು, ನನಗಿಂತ ಮೇಲಕ್ಕೆ ಹೋದ."